ತಡೆಯೋ ಔಷಧಿ ಅಲ್ಲ, ಕಟ್ಟಿಹಾಕೋ ಔಷಧಿ: ಬೆಂಗಳೂರಿನ ಲ್ಯಾಬಿನಲ್ಲಿ ಹುಟ್ಟಿದ ಒಂದು ಸುರುಳಿಯ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ದೇವಸುಗೂರಿನಿಂದ ಮಾತಾಡ್ತಾ ಇದ್ದೀನಿ. ಹಿಂದೆ ಗುಂಯ್ ಅಂತ ಸದ್ದು ಕೇಳಿಸಿದ್ರೆ ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ, ಅದು ನಮ್ಮ ಮನೆ ಕೂಲರ್. ಬೇಸಿಗೆ ಬಂತಂದ್ರೆ ರಾಯಚೂರು ಜಿಲ್ಲೆಯಲ್ಲಿ 40 ಡಿಗ್ರಿ ದಾಟೋದು ಸುದ್ದಿನೇ ಅಲ್ಲ. ಕೂಲರ್ ಬಂದ್ ಮಾಡಿ ರೆಕಾರ್ಡ್ ಮಾಡೋಣ ಅಂತ ಎರಡು ಸಲ ಕೂತೆ, ಆಗ್ಲಿಲ್ಲ. ಸ್ವಲ್ಪ ಸೈರಿಸ್ಕೋರಿ.

ಇವತ್ತಿನ ಮಾತು ಶುರುವಾಗಿದ್ದೇ ಈ ಬಿಸಿಲಿನಿಂದ. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಒಂದು ಗಡಿಗೆಯಿಂದ.

ನಮ್ಮಜ್ಜಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಬೇಕು. ಮನೆಯಲ್ಲಿ ಫ್ರಿಜ್ ಇಲ್ಲದ ದಿನಗಳಲ್ಲಿ ಆಕೆ ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸಣ್ಣ ಡಬ್ಬಿಯಲ್ಲಿ ಹಾಕಿ, ನೀರಿನ ಗಡಿಗೆಯೊಳಗೆ ಇಳಿಬಿಡ್ತಿದ್ದಳು. ಈಗ ಫ್ರಿಜ್ ಇದೆ. ಆದ್ರೂ ಮಾನ್ವಿ ಕಡೆ, ದೇವದುರ್ಗದ ಕಡೆ ನೆಂಟರ ಹಳ್ಳಿಗೆ ಹೋದ್ರೆ, ಕರೆಂಟ್ ಹೋದ ದಿನ ಮತ್ತೆ ಅದೇ ಗಡಿಗೆ. ಹೋದ ಬೇಸಿಗೆಯಲ್ಲಿ ಡಬ್ಬಿ ಇಳಿಬಿಡ್ತಾ ನನ್ನ ಕೇಳಿದಳು: "ಅಲ್ಲೋ ಯಪ್ಪಾ, ಬಿಪಿ ಗುಳಗಿ ಕಪಾಟಿನ್ಯಾಗ ಒಗದ್ರೂ ನಡೀತದ. ಇದಕ್ಕಷ್ಟ ಯಾಕ ಇಷ್ಟು ಉಪಚಾರ?"

ನಾನು ಬಿ.ಕಾಂ. ಓದಿದವ. ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಕೇಳಿದ್ರೆ ಹೇಳ್ತೀನಿ, ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಹುಡುಕೋಕೆ ಹೋದೆ. ಹುಡುಕ್ತಾ ಹುಡುಕ್ತಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದ್ರೆ ಎಲ್ಲರೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನೋ ಐಐಎಸ್‌ಸಿಯಲ್ಲಿ, ಆಗಿರೋ ಒಂದು ಕೆಲಸದ ಹತ್ತಿರ ಬಂದು ನಿಂತೆ. ಕೊರೊನಾ ವೈರಸ್ಸನ್ನು ಕಟ್ಟಿಹಾಕೋ ಒಂದು ಪುಟ್ಟ ಸುರುಳಿ. ಬಿಸಿಲಿಗೆ ಬೇಗ ಜಗ್ಗದ ಸುರುಳಿ. ಇವತ್ತು ಅದರ ಕಥೆ.

ಆಕಾರ ಹೋದ್ರೆ ಔಷಧಿನೂ ಹೋಯ್ತು

ಮೊದಲು ಅಜ್ಜಿಯ ಪ್ರಶ್ನೆ. ನಮ್ಮ ಮೈಯೊಳಗೆ ಕೆಲಸ ಮಾಡೋ ಆಳುಗಳು ಅಂದ್ರೆ ಪ್ರೋಟೀನ್‌ಗಳು. ಜಿಮ್‌ನಲ್ಲಿ ಡಬ್ಬಿ ತೋರಿಸಿ ಹೇಳ್ತಾರಲ್ಲ, ಆ ಒಂದೇ ಅರ್ಥದಲ್ಲಿ ತಗೋಬೇಡ್ರಿ. ರಕ್ತದಲ್ಲಿ ಆಮ್ಲಜನಕ ಹೊರೋದು, ಉಂಡಿದ್ದನ್ನು ಅರಗಿಸೋದು, ರೋಗದ ಜೊತೆ ಬಡಿದಾಡೋದು, ಎಲ್ಲದರಲ್ಲೂ ಪ್ರೋಟೀನ್‌ಗಳ ಕೈ ಇದೆ. ಒಂದೊಂದು ಪ್ರೋಟೀನೂ ಒಂದು ಮಣಿಸರ. ಮಣಿಗಳ ಹೆಸರು ಅಮೈನೋ ಆಮ್ಲ. ಮಣಿಯಲ್ಲಿ 20 ಬಗೆ. ಸರ ಉದ್ದ ಇದ್ರೆ ಪ್ರೋಟೀನ್ ಅಂತೀವಿ, ಗಿಡ್ಡ ಇದ್ರೆ ಪೆಪ್ಟೈಡ್ ಅಂತೀವಿ. ಇನ್ಸುಲಿನ್‌ನಲ್ಲಿ ಇರೋದು 51 ಮಣಿ, ಎರಡು ಎಳೆಯಲ್ಲಿ.

ಈ ಸರ ಸುಮ್ಮನೆ ಇಳಿಬಿದ್ದು ಕೂರಲ್ಲ. ತಾನೇ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತೆ. ಅದರಲ್ಲಿ ಪದೇ ಪದೇ ಕಾಣೋ ಆಕಾರ ಸುರುಳಿ. ಬಾಲ್‌ಪೆನ್ ಒಳಗಿನ ಸ್ಪ್ರಿಂಗ್ ನೆನಪು ಮಾಡ್ಕೊಳ್ರಿ, ಹಂಗೇ. ಇದರ ಹೆಸರು ಆಲ್ಫಾ ಹೆಲಿಕ್ಸ್. ಅಮೆರಿಕದ ಲೈನಸ್ ಪಾಲಿಂಗ್ ಅನ್ನೋ ವಿಜ್ಞಾನಿ 1948ರಲ್ಲಿ ಆಕ್ಸ್‌ಫರ್ಡ್‌ನಲ್ಲಿದ್ದಾಗ ಶೀತ ಆಗಿ ಮಲಗಿದ್ರಂತೆ. ಬೇಜಾರು ಕಳೆಯೋಕೆ ಕಾಗದದ ಮೇಲೆ ಮಣಿಸರದ ಚಿತ್ರ ಬರೆದು, ಕಾಗದ ಮಡಚ್ತಾ ಕೂತು ಈ ಸುರುಳಿ ಕಂಡುಕೊಂಡ್ರು. 1951ರಲ್ಲಿ ಪ್ರಕಟ ಮಾಡಿದ್ರು. ಲೆಕ್ಕ ನೋಡ್ರಿ: ಒಂದು ಸುತ್ತಿಗೆ 3.6 ಮಣಿ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತೆ.

ಬಿಪಿ ಗುಳಿಗೆಯೊಳಗಿನ ಔಷಧಿ ಬಹಳ ಸಣ್ಣ, ಗಟ್ಟಿ ಅಣು. ಮನೆಯ ಬಿಸಿಲಿಗೆ ಅದು ಬೇಗ ಒಡೆಯಲ್ಲ. ಇನ್ಸುಲಿನ್ ಹಂಗಲ್ಲ. ಅದರ ಕೆಲಸ ಇರೋದೇ ಅದರ ಆಕಾರದಲ್ಲಿ. ಆ ಆಕಾರವನ್ನು ಹಿಡಿದಿಟ್ಟಿರೋ ಬಂಧಗಳಲ್ಲಿ ಬಹಳಷ್ಟು ಸಡಿಲ. ಬಿಸಿ ಹೆಚ್ಚಾದಂಗೆ ಮಡಿಕೆ ಬಿಚ್ಚುತ್ತೆ, ಬಿಚ್ಚಿದ ಎಳೆಗಳು ಒಂದಕ್ಕೊಂದು ಅಂಟಿ ಗಂಟಾಗ್ತವೆ. ಬೇಯಿಸಿದ ಮೊಟ್ಟೆ ತಣ್ಣಗಾದ್ರೆ ಮತ್ತೆ ಹಸಿ ಮೊಟ್ಟೆ ಆಗುತ್ತಾ? ಇಲ್ಲ. ಹಂಗೇ ಇದೂ. ಬಾಟಲಿ ಅದೇ, ನೀರು ಅದೇ, ಒಳಗಿನ ಔಷಧಿ ಮಾತ್ರ ಸತ್ತಿರುತ್ತೆ. ಅಜ್ಜಿ ಗಡಿಗೆಯಲ್ಲಿ ಕಾಪಾಡ್ತಿದ್ದದ್ದು ಔಷಧಿಯನ್ನಲ್ಲ, ಔಷಧಿಯ ಆಕಾರವನ್ನ.

ಅಂಗೈ ಮೇಲೆ ಅಂಗೈ

ಈಗ ಇನ್ನೊಂದು ಪ್ರಶ್ನೆ. ಗುಳಿಗೆ ಇಷ್ಟು ಗಟ್ಟಿ, ಇಷ್ಟು ಅಗ್ಗ ಅಂದ್ಮೇಲೆ ಎಲ್ಲಾ ರೋಗಕ್ಕೂ ಗುಳಿಗೆನೇ ಮಾಡಬಹುದಲ್ಲ?

ಆಗಲ್ಲ. ಗುಳಿಗೆಯ ಸಣ್ಣ ಅಣು ಕೆಲಸ ಮಾಡೋದು ಬೀಗದಲ್ಲಿ ಕಡ್ಡಿ ಸಿಕ್ಕಿಸಿದಂಗೆ. ಪ್ರೋಟೀನಿನ ಮೈಮೇಲೆ ಒಂದು ಆಳವಾದ ಗುಳಿ ಇರಬೇಕು, ಅಲ್ಲಿ ಹೋಗಿ ಕೂತ್ಕೊಂಡ್ರೆ ಆ ಪ್ರೋಟೀನ್ ಬಂದ್. ಆದ್ರೆ ಎಷ್ಟೋ ರೋಗಗಳಲ್ಲಿ ಸಮಸ್ಯೆ ಬರೋದು ಎರಡು ಪ್ರೋಟೀನ್‌ಗಳು ಒಂದನ್ನೊಂದು ತಬ್ಬಿಕೊಂಡಾಗ. ಅಲ್ಲಿ ಗುಳಿ ಇರಲ್ಲ. ಅಂಗೈ ಮೇಲೆ ಅಂಗೈ ಇಟ್ಟಂಗೆ ಅಗಲವಾಗಿ, ಸಪಾಟಾಗಿ ಕೂಡಿರ್ತವೆ. ಸಾಸಿವೆ ಕಾಳು ತಗೊಂಡು ಎರಡು ಅಂಗೈ ಬಿಡಿಸೋಕಾಗುತ್ತಾ?

ಕೊರೊನಾ ವೈರಸ್ಸೂ ಹಿಂಗೇ. ಅದರ ಮೈಮೇಲಿನ ಮುಳ್ಳು ನೀವೆಲ್ಲಾ ನೋಡಿದ್ದೀರಿ, ಸ್ಪೈಕ್ ಪ್ರೋಟೀನ್. ಒಂದೊಂದು ಮುಳ್ಳಿಗೂ ಮೂರು ತಲೆ. ನಮ್ಮ ಜೀವಕೋಶದ ಮೇಲಿರೋ ಏಸ್-2 ಅನ್ನೋ ಪ್ರೋಟೀನನ್ನು ಈ ತಲೆ ಹಿಡಿದುಕೊಂಡ್ರೆ ವೈರಸ್ಸಿಗೆ ಒಳಗೆ ಬರೋಕೆ ದಾರಿ ಆಯ್ತು. ಅದೂ ಅಂಗೈ ಮೇಲೆ ಅಂಗೈ.

ಇಂಥ ಹಿಡಿತ ಬಿಡಿಸೋಕೆ ಆ್ಯಂಟಿಬಾಡಿ ಇದಾವೆ. ಅವು ದೊಡ್ಡವು, ಕೆಲಸವೂ ಚಲೋ ಮಾಡ್ತಾವೆ. ಆದ್ರೆ ತಯಾರಿಸೋಕೆ ದುಬಾರಿ, ಇಡೋಕೆ ತಂಪು ಬೇಕು. ಗುಳಿಗೆ ತೀರಾ ಸಣ್ಣದು, ಆ್ಯಂಟಿಬಾಡಿ ತೀರಾ ದೊಡ್ಡದು. ನಡುವಿನ ಅಳತೆ ಯಾವುದು? ಪೆಪ್ಟೈಡ್.

ಇಲ್ಲಿ ನಮ್ಮ ಸುರುಳಿ ಮತ್ತೆ ಬರುತ್ತೆ. ಪ್ರೋಟೀನ್‌ಗಳು ಒಂದನ್ನೊಂದು ಹಿಡಿಯುವಾಗ ಎಷ್ಟೋ ಸಲ ಚಾಚೋ ಕೈ ಒಂದು ಸುರುಳಿನೇ ಆಗಿರುತ್ತೆ. ಕ್ಯಾನ್ಸರ್ ತಡೆಯೋ ಪಿ53 ಅನ್ನೋ ಪ್ರೋಟೀನನ್ನು ಎಂಡಿಎಂ2 ಅನ್ನೋ ಇನ್ನೊಂದು ಹಿಡಿದು ಸುಮ್ಮನಾಗಿಸುತ್ತೆ. ಆ ಹಿಡಿತದಲ್ಲಿ ಪಿ53ರ ಒಂದು ಪುಟ್ಟ ಸುರುಳಿ, ಅದರ ಮೇಲಿನ ಮೂರೇ ಮೂರು ಮಣಿ, ಎಂಡಿಎಂ2ರ ಸಂದಿಯಲ್ಲಿ ಹೋಗಿ ಕೂರ್ತಾವೆ. ಅಂದ್ರೆ ಆ ಕೈಯ ನಕಲು ಒಂದು ಮಾಡಿ ಸಂದಿಗೆ ತುರುಕಿದ್ರೆ ಅಸಲಿ ಕೈಗೆ ಜಾಗ ಇರಲ್ಲ.

ಕೇಳೋಕೆ ಸುಲಭ. ಮಾಡೋಕೆ ಹೋದ್ರೆ ಒಂದು ತೊಡಕು. ಪ್ರೋಟೀನಿನಿಂದ ಆ ಸುರುಳಿ ತುಂಡನ್ನಷ್ಟೇ ಕತ್ತರಿಸಿ ತೆಗೆದ್ರೆ ಸಾಮಾನ್ಯವಾಗಿ ಅದು ಸುರುಳಿಯಾಗಿ ಉಳಿಯೋದೇ ಇಲ್ಲ. ಸುತ್ತ ಆಸರೆ ಇಲ್ಲದೆ ಬಾವಿ ಹಗ್ಗದಂಗೆ ಜೋತು ಬೀಳುತ್ತೆ. ಜೋತುಬಿದ್ದದ್ದನ್ನು ಮೈಯೊಳಗಿನ ಕಿಣ್ವಗಳು ಕಚಕಚ ಅಂತ ಕತ್ತರಿಸಿ ಹಾಕ್ತಾವೆ.

ತೊಗರಿ ಹೊಲದ ಶಿಲೀಂಧ್ರ ಕಲಿಸಿದ ಪಾಠ

ಈ ತೊಡಕಿಗೆ ಒಂದು ಉತ್ತರ ನಮ್ಮ ಹೊಲದಲ್ಲೇ ಇತ್ತು.

ತೊಗರಿ ಬೆಳೆಯೋ ಮನೆಯವರಿಗೆ ಟ್ರೈಕೋಡರ್ಮಾ ಪುಡಿ ಗೊತ್ತಿರುತ್ತೆ. ನೆಟೆ ರೋಗ ಬರಬಾರದು ಅಂತ ಬಿತ್ತೋ ಮುಂಚೆ ಬೀಜಕ್ಕೆ ಹಚ್ತಾರಲ್ಲ, ಅದೇ. ಅದು ಜೀವ ಇರೋ ಒಂದು ಶಿಲೀಂಧ್ರ. ಈ ಟ್ರೈಕೋಡರ್ಮಾ ಅಲಾಮೆಥಿಸಿನ್ ಅನ್ನೋ ಒಂದು ಪೆಪ್ಟೈಡ್ ತಯಾರಿಸುತ್ತೆ. ಗಟ್ಟಿ ಸುರುಳಿ ಅದು, ಬೇರೆ ಜೀವಕೋಶದ ಪೊರೆಗೆ ತೂತು ಹೊಡೆಯುತ್ತೆ. ಅದರ ಗಟ್ಟಿತನದ ಗುಟ್ಟು ಒಂದು ವಿಶೇಷ ಮಣಿ, ಹೆಸರು ಐಬ್. ನಮ್ಮ ಮೈಯ 20 ಮಣಿಗಳಲ್ಲಿ ಇದು ಇಲ್ಲ. ಇದರ ಮೈಗೆ ಒಂದು ಉಬ್ಬು ಜಾಸ್ತಿ ಇರೋದ್ರಿಂದ ಸರ ಬೇರೆ ಕಡೆ ತಿರುಗೋಕಾಗದೆ ಸುರುಳಿಗೇ ಬಗ್ಗುತ್ತೆ.

ಬೆಂಗಳೂರಿನ ಐಐಎಸ್‌ಸಿಯಲ್ಲಿ ಪಿ. ಬಲರಾಮ್ ಅವರ ತಂಡ ಈ ಐಬ್ ಮಣಿ ಇಟ್ಟು ಗಟ್ಟಿ ಸುರುಳಿ ಕಟ್ಟೋದು ಹೇಗೆ ಅಂತ ದಶಕಗಟ್ಟಲೆ ಕೆಲಸ ಮಾಡಿತು. ಮುಂದೆ ಅವರೇ ಆ ಸಂಸ್ಥೆಯ ನಿರ್ದೇಶಕರೂ ಆದ್ರು. ಅವರು ಕೆಲಸ ಮಾಡಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಕಟ್ಟಿದವರು ಜಿ.ಎನ್. ರಾಮಚಂದ್ರನ್. ಮಣಿಸರ ಎಷ್ಟು ಕಡೆ ಬಗ್ಗಬಹುದು, ಎಲ್ಲಿ ಬಗ್ಗೋಕೆ ಆಗೋದೇ ಇಲ್ಲ ಅನ್ನೋದಕ್ಕೆ ರಾಮಚಂದ್ರನ್ ಮತ್ತು ಅವರ ಸಂಗಡಿಗರು 1963ರಲ್ಲಿ, ಮದ್ರಾಸಿನಲ್ಲಿದ್ದಾಗ, ಒಂದು ನಕ್ಷೆ ಕೊಟ್ರು. ಇವತ್ತು ಜಗತ್ತಿನಲ್ಲಿ ಎಲ್ಲೇ ಪ್ರೋಟೀನ್ ಬಗ್ಗೆ ಓದಿದ್ರೂ ರಾಮಚಂದ್ರನ್ ನಕ್ಷೆ ಓದಲೇಬೇಕು.

ಐಬ್ ಹಳೇ ಕಥೆ ಅಂದ್ಕೋಬೇಡ್ರಿ. ತೂಕ ಇಳಿಸೋ ಇಂಜೆಕ್ಷನ್ ಅಂತ ಈಗ ಎಲ್ಲರ ಬಾಯಲ್ಲಿರೋ ಸೆಮಾಗ್ಲುಟೈಡ್ ಇದೆಯಲ್ಲ, ಅದೂ ಪೆಪ್ಟೈಡ್. ಅದರಲ್ಲೂ ಒಂದು ಐಬ್ ಮಣಿ ಇದೆ, ಕಿಣ್ವ ಬಂದು ಕತ್ತರಿಸದಂಗೆ ಕಾಯೋಕೆ.

ಇನ್ನೊಂದು ಉಪಾಯ ಹಾರ್ವರ್ಡ್‌ನ ಗ್ರೆಗರಿ ವರ್ಡೈನ್ ತಂಡದ್ದು, 2000ನೇ ಇಸವಿ. ಸುತ್ತಿಗೆ 3.6 ಮಣಿ ಅಂದಿದ್ದೆ. ಹಂಗಾದ್ರೆ ಒಂದನೇ ಮಣಿ, ಐದನೇ ಮಣಿ ಹೆಚ್ಚುಕಡಿಮೆ ಸುರುಳಿಯ ಒಂದೇ ಬದಿಗೆ ಬರ್ತಾವೆ, ಮೇಲೊಂದು ಕೆಳಗೊಂದು. ಅವೆರಡನ್ನೂ ಸ್ಟೇಪ್ಲರ್ ಪಿನ್ ಹೊಡೆದಂಗೆ ಸೇರಿಸಿಬಿಟ್ರೆ ಸುರುಳಿ ಬಿಚ್ಚೋಕೆ ಆಗಲ್ಲ. ಇವಕ್ಕೆ ಸ್ಟೇಪಲ್ ಹೊಡೆದ ಪೆಪ್ಟೈಡ್ ಅಂತಾನೇ ಹೆಸರು ಬಂತು.

ಮೂರರಲ್ಲಿ ಒಂದು ತೆಗೆದ್ರು

ಈಗ ಕೊರೊನಾ ಕಥೆಗೆ ಬರೋಣ. ಅದೇ ಐಐಎಸ್‌ಸಿ, ಅದೇ ವಿಭಾಗ. ಜಯಂತ ಚಟರ್ಜಿ ಅವರ ಲ್ಯಾಬ್. ವಿದ್ಯಾರ್ಥಿ ಭವೇಶ್ ಖತ್ರಿ ಈ ಪ್ರಬಂಧದ ಮೊದಲ ಲೇಖಕ. 2022ರಲ್ಲಿ ನೇಚರ್ ಕೆಮಿಕಲ್ ಬಯಾಲಜಿ ಅನ್ನೋ ಪತ್ರಿಕೆಯಲ್ಲಿ ಬಂತು.

ಸ್ಪೈಕಿನ ತಲೆಯನ್ನು ಹಿಡಿಯೋ ಒಂದು ಪುಟ್ಟ ಪ್ರೋಟೀನ್ ಅದಾಗಲೇ ಪ್ರಕಟವಾಗಿತ್ತು. ಅದರಲ್ಲಿ ಮೂರು ಸುರುಳಿ, ಮೂರೂ ಒಂದಕ್ಕೊಂದು ಒರಗಿ ನಿಂತಿದ್ದವು. ಇವರು ಮಾಡಿದ್ದೇನು? ಮೂರನೇ ಸುರುಳಿ ಕತ್ತರಿಸಿ ಹಾಕಿದ್ರು. ಉಳಿದ ಎರಡು ಸುರುಳಿ ನಡುವಿನ ತಿರುವನ್ನು ತಿದ್ದಿದ್ರು. ಹೆಂಗಸರ ತಲೆಯ ಹೇರ್‌ಪಿನ್ ಇರುತ್ತಲ್ಲ, ಆ ಆಕಾರ ಬಂತು.

ಮೂರನೇದು ಹೋದ್ರೆ ಉಳಿದೆರಡು ಬೀಳಲ್ವಾ ಅಂತ ಕೇಳ್ತೀರಿ. ಇಲ್ಲೇ ಇದೆ ನೋಡ್ರಿ ಜಾಣತನ. ಸುರುಳಿಗಳು ಒರಗಿ ನಿಲ್ಲೋ ಒಳಬದಿ ಎಣ್ಣೆಜಿಡ್ಡಿನ ಸ್ವಭಾವದ್ದು, ನೀರು ಕಂಡ್ರೆ ಆಗಲ್ಲ. ಮೂರನೇ ಸುರುಳಿ ಹೋದ ಮೇಲೆ ಆ ಜಿಡ್ಡಿನ ಬದಿ ನೀರಿಗೆ ಬಯಲಾಗುತ್ತೆ. ಆಗ ಅದು ತನ್ನಂಥದ್ದೇ ಇನ್ನೊಂದು ಹೇರ್‌ಪಿನ್ ಹುಡುಕಿ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತೆ. ಎರಡೆರಡ್ಲಿ ನಾಲ್ಕು ಸುರುಳಿಯ ಒಂದು ಕಟ್ಟು. ಬೆನ್ನು ಬೆನ್ನು ಕೂಡಿದ್ರಿಂದ ಎರಡು ಮುಖ ಹೊರಗೆ ನೋಡ್ತಾವೆ, ಒಂದು ಆ ಕಡೆ, ಇನ್ನೊಂದು ಈ ಕಡೆ. ಎರಡೂ ಮುಖಕ್ಕೆ ಸ್ಪೈಕ್ ಹಿಡಿಯೋ ಶಕ್ತಿ. ಇದಕ್ಕೆ ಅವರಿಟ್ಟ ಹೆಸರು ಎಸ್‌ಐಹೆಚ್-5.

ಇದನ್ನು ಸ್ಪೈಕ್ ಜೊತೆ ಬೆರೆಸಿ, ಸೋಮನಾಥ್ ದತ್ತಾ ಅವರ ತಂಡ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿತು. ಕ್ಷಣದಲ್ಲಿ ಹೆಪ್ಪುಗಟ್ಟಿಸಿ ಒಂದೊಂದು ಪ್ರೋಟೀನಿನ ಆಕಾರ ನೋಡೋ ಯಂತ್ರ ಅದು. ಅವರು ಕಾಯ್ತಿದ್ದದ್ದು ಒಂದು ಸ್ಪೈಕ್, ಅದಕ್ಕೆ ಅಂಟಿದ ಪೆಪ್ಟೈಡ್. ಕಂಡದ್ದು ಬೇರೆ. ಚಿತ್ರ ಉದ್ದಕ್ಕಿತ್ತು. ಒಂದಲ್ಲ, ಎರಡು ಸ್ಪೈಕ್! ಒಂದರ ಮೂರು ತಲೆ, ಇನ್ನೊಂದರ ಮೂರು ತಲೆ ಮುಖಾಮುಖಿ. ನಡುವೆ ಈ ಸುರುಳಿಯ ಕಟ್ಟುಗಳು. ಸ್ಪೈಕಿಗೆ ಅಂಟೋ ಆ್ಯಂಟಿಬಾಡಿಗಳನ್ನು ದತ್ತಾ ಅವರು ಮೊದಲೇ ನೋಡಿದ್ರು, ಆದ್ರೆ ಸ್ಪೈಕ್‌ಗಳು ಹಿಂಗೆ ಜೋಡಿ ಬಿದ್ದದ್ದನ್ನು ಅವುಗಳಲ್ಲಿ ನೋಡಿರಲಿಲ್ಲ.

ನನ್ನ ತಲೆಗೆ ಇದು ಹೊಳೆದದ್ದು ಎತ್ತುಗಳಿಂದ. ಬೆಳೆಗೆ ನುಗ್ಗೋ ಹೋರಿ ಇದೆ ಅಂದ್ಕೊಳ್ರಿ. ಒಂದು ದಾರಿ, ಬೇಲಿ ಹಾಕೋದು. ಅದು ತಡೆಯೋದು. ಇನ್ನೊಂದು ದಾರಿ, ಎರಡು ಹೋರಿಗಳ ಮೂಗುದಾರ ಒಂದಕ್ಕೊಂದು ಗಂಟು ಹಾಕಿಬಿಡೋದು. ಎರಡೂ ಮುಖಾಮುಖಿ ನಿಂತು ಒಂದನ್ನೊಂದು ನೋಡ್ತಾ ಇರ್ತವೆ. ಯಾವುದೂ ಹೊಲಕ್ಕೆ ಹೋಗಲ್ಲ. ಒಂದೇ ಹಗ್ಗದಲ್ಲಿ ಎರಡು ಹೋರಿ ಬಂದ್. ಆ ಎರಡು ಸ್ಪೈಕ್ ಒಂದೇ ವೈರಸ್ಸಿನದ್ದಿರಬಹುದು, ಬೇರೆ ಬೇರೆ ವೈರಸ್ಸಿನದ್ದೂ ಇರಬಹುದು. ಹಂಗಾದ್ರೆ ವೈರಸ್ಸುಗಳೇ ಒಂದಕ್ಕೊಂದು ಸಿಕ್ಕಿಹಾಕ್ಕೊಂಡು ಗುಂಪಾಗಿ ಬೀಳ್ತಾವೆ.

ಮುಂದೆ ರಾಘವನ್ ವರದರಾಜನ್ ಅವರ ಲ್ಯಾಬಿನಲ್ಲಿ ಹ್ಯಾಮ್‌ಸ್ಟರ್ ಅನ್ನೋ ಇಲಿ ಜಾತಿಯ ಪ್ರಾಣಿಗಳ ಮೇಲೆ ಪರೀಕ್ಷೆ ಆಯ್ತು. ಪೆಪ್ಟೈಡ್ ಕೊಟ್ಟು, ಆಮೇಲೆ ಜೋರು ಪ್ರಮಾಣದಲ್ಲಿ ವೈರಸ್ ಕೊಟ್ರು. ಪೆಪ್ಟೈಡ್ ಪಡೆದವುಗಳ ತೂಕ ಇಳಿಯಲಿಲ್ಲ, ವೈರಸ್ ಬಹಳ ಕಮ್ಮಿ ಇತ್ತು, ಶ್ವಾಸಕೋಶ ಕೆಟ್ಟದ್ದೂ ಕಮ್ಮಿ.

ಇನ್ನೊಂದು ಸಂಗತಿ ಓದಿ ನಾನು ಅಜ್ಜಿಯನ್ನ ನೆನೆಸಿಕೊಂಡೆ. ಈ ಪೆಪ್ಟೈಡ್ ಮಾಮೂಲಿ ಕೋಣೆಯ ಉಷ್ಣತೆಯಲ್ಲಿ ತಿಂಗಳುಗಟ್ಟಲೆ ಇಟ್ರೂ ಕೆಡಲಿಲ್ಲ. ಬೆನ್ನಿಗೆ ಬೆನ್ನು ಕೊಟ್ಟ ಆ ನಾಲ್ಕು ಸುರುಳಿ ಅಷ್ಟು ಗಟ್ಟಿ. ಲ್ಯಾಬಿನ ಕೋಣೆ ಬೇರೆ, ಮೇ ತಿಂಗಳ ರಾಯಚೂರಿನ ಕೋಣೆ ಬೇರೆ, ಒಪ್ತೀನಿ. ಆದ್ರೆ ದಾರಿ ಸರಿ ಇದೆ. ಇದೇ ವರದರಾಜನ್ ಅವರ ತಂಡ, ಐಐಎಸ್‌ಸಿಯಲ್ಲೇ ಹುಟ್ಟಿದ ಮಿನ್‌ವ್ಯಾಕ್ಸ್ ಅನ್ನೋ ಕಂಪನಿ ಜೊತೆ ಸೇರಿ, 37 ಡಿಗ್ರಿಯಲ್ಲಿ ಒಂದು ತಿಂಗಳು ತಾಳೋ ಕೊರೊನಾ ಲಸಿಕೆಯ ಮಾದರಿಯನ್ನೂ ಮಾಡಿತ್ತು. ಔಷಧಿಗೆ ಊರನ್ನು ತಂಪು ಮಾಡೋಕಾಗಲ್ಲ, ಊರಿನ ಬಿಸಿಲಿಗೆ ತಾಳೋ ಔಷಧಿ ಮಾಡಬೇಕು. ದೇವಸುಗೂರಿನವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಶಕ್ತಿನಗರದಲ್ಲಿ 1,720 ಮೆಗಾವಾಟ್ ವಿದ್ಯುತ್ ಸ್ಥಾವರ ಇದೆ, ಆದ್ರೂ ಅಜ್ಜಿ ಗಡಿಗೆ ಎಸೆದಿಲ್ಲ.

ಕಟ್ಟೋ ಶಕ್ತಿ, ಕೆಡಿಸೋ ಶಕ್ತಿ

ಸ್ಪೈಕಿಗೆ ಸ್ಪೈಕ್ ಕಟ್ಟಿದ್ದಾಯ್ತು. ಹಂಗಾದ್ರೆ ಯಾವತ್ತೂ ಭೇಟಿಯಾಗದ ಎರಡು ಬೇರೆ ಬೇರೆ ಪ್ರೋಟೀನ್‌ಗಳಿಗೆ ಗಂಟು ಹಾಕಬಹುದಾ?

ಹಾಕಬಹುದು. ರಸ್ತೆ ಅಗಲ ಮಾಡುವಾಗ ಯಾವ ಗೋಡೆ ಒಡೀಬೇಕು ಅಂತ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗ್ತಾರಲ್ಲ? ನಮ್ಮ ಜೀವಕೋಶದಲ್ಲೂ ಅಂಥ ಗುರುತು ಹಾಕೋರು ಇದ್ದಾರೆ. ಇ3 ಲೈಗೇಸ್ ಅಂತ ಹೆಸರು, ಸುಮಾರು 600 ಬಗೆ. ಅವರು ಗುರುತು ಹಾಕಿದ ಪ್ರೋಟೀನನ್ನು ಜೀವಕೋಶ ಒಡೆದು ಹಾಕುತ್ತೆ. ಈಗ ರೋಗ ತರೋ ಪ್ರೋಟೀನನ್ನೂ ಆ ಗುರುತು ಹಾಕೋನನ್ನೂ ಒಂದು ಸುರುಳಿಯಿಂದ ಅಂಟಿಸಿಬಿಟ್ರೆ? ಕೆಲಸ ಜೀವಕೋಶವೇ ಮಾಡುತ್ತೆ. ವರ್ಡೈನ್ ಅವರು ಕಟ್ಟಿದ ಫಾಗ್ ಫಾರ್ಮಾ ಕಂಪನಿಯ ವಿಜ್ಞಾನಿಗಳು 2023ರಲ್ಲಿ ಇಂಥ ಸುರುಳಿಗಳನ್ನು ಹುಡುಕೋ ವಿಧಾನ ಪ್ರಕಟಿಸಿದ್ರು. ಇ3ಗಳ ಮೈಗೆ ಸುರುಳಿ ಅಂಟಿಸಿ, ಅವು ಬೇರೆ ಹೊಸ ಪ್ರೋಟೀನ್‌ಗಳನ್ನು ಹಿಡಿಯೋ ಹಂಗೆ ಮಾಡಿದ್ರು. ಅದರಲ್ಲಿ ಬೀಟಾ ಕ್ಯಾಟನಿನ್ ಒಂದು. ಕ್ಯಾನ್ಸರ್ ವಿಷಯದಲ್ಲಿ ಹೆಸರುವಾಸಿ, ಗುಳಿಗೆಗೆ ಸಿಗದ ಪ್ರೋಟೀನ್ ಅದು.

ಹುಡುಕೋದು ಅಂದ್ರೆ ಎಷ್ಟು ಅಂತ ಕಾಮರ್ಸ್‌ನವನ ಲೆಕ್ಕ ಹೇಳ್ತೀನಿ. 20 ಬಗೆ ಮಣಿ, 20 ಮಣಿ ಉದ್ದದ ಸರ. ಎಷ್ಟು ಥರ ಪೋಣಿಸಬಹುದು? 1ರ ಮುಂದೆ 26 ಸೊನ್ನೆ. ಒಂದೊಂದಾಗಿ ನೋಡ್ತಾ ಕೂತ್ರೆ ಮುಗಿಯಲ್ಲ. ಅದಕ್ಕೇ ಬ್ಯಾಕ್ಟೀರಿಯಾ ತಿನ್ನೋ ಫೇಜ್ ವೈರಸ್ಸುಗಳ ಮೈಮೇಲೆ ಕೋಟಿಗಟ್ಟಲೆ ಬೇರೆ ಬೇರೆ ಪೆಪ್ಟೈಡ್ ಬೆಳೆಸಿ, ಬೇಕಾದ ಪ್ರೋಟೀನಿಗೆ ಯಾವುದು ಅಂಟುತ್ತೋ ಅದನ್ನಷ್ಟೇ ಸೋಸಿ ತೆಗೀತಾರೆ. ಮೊರದಲ್ಲಿ ಕೇರಿದಂಗೆ. ಫೇಜ್ ಡಿಸ್‌ಪ್ಲೇ ಅನ್ನೋ ಈ ವಿದ್ಯೆಗೆ 2018ರಲ್ಲಿ ನೊಬೆಲ್ ಬಂತು.

ಆದ್ರೆ ಇದೇ ಶಕ್ತಿಯ ಇನ್ನೊಂದು ಮುಖ ಹೇಳದೇ ಹೋದ್ರೆ ನಾನು ನಿಮಗೆ ಅರ್ಧ ಕಥೆ ಹೇಳಿದಂಗಾಗುತ್ತೆ. ಥಾಲಿಡೊಮೈಡ್. 1950ರ ದಶಕದ ಕೊನೆಯಲ್ಲಿ ಯುರೋಪಿನಲ್ಲಿ ನಿದ್ದೆಗೆ, ಬಸುರಿಯರ ವಾಂತಿಗೆ ಅಂತ ಕೊಟ್ಟ ಗುಳಿಗೆ. ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ರು. ಯಾಕೆ ಅಂತ ಗೊತ್ತಾಗೋಕೆ ಅರ್ಧ ಶತಮಾನ ಬೇಕಾಯ್ತು. 2010ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದ್ರು: ಅದು ಹೋಗಿ ಅಂಟೋದು ಸೆರೆಬ್ಲಾನ್ ಅನ್ನೋ ಪ್ರೋಟೀನಿಗೆ. ಯಾರದು? ಗುರುತು ಹಾಕೋರ ಗುಂಪಿನವನೇ. ಔಷಧಿ ಅಂಟಿದ ಮೇಲೆ ಅವನು ತಪ್ಪು ಗೋಡೆಗೆ ಕೆಂಪು ಬಣ್ಣ ಹಚ್ತಾನೆ. ಮಗು ಬೆಳೆಯೋಕೆ ಬೇಕಾದ ಪ್ರೋಟೀನೇ ಒಡೆದು ಹೋಗುತ್ತೆ. ಅದೇ ಗುಣ ಬಳಸಿ, ಅದೇ ಜಾತಿಯ ಔಷಧಿಗಳು ಇವತ್ತು ಮಯಲೋಮಾ ಅನ್ನೋ ರಕ್ತದ ಕ್ಯಾನ್ಸರ್ ರೋಗಿಗಳ ಜೀವ ಉಳಿಸ್ತಾ ಇವೆ. ಗಂಟು ಅದೇ. ಯಾರಿಗೆ, ಯಾವಾಗ ಹಾಕ್ತೀವಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಹ್ಯಾಮ್‌ಸ್ಟರ್‌ನಿಂದ ಮನುಷ್ಯನವರೆಗೆ

ಅದಕ್ಕೇ ನಾನು ನಿಮ್ಮ ವಯಸ್ಸಿನವರಿಗೆ ಒಂದು ಮಾತು ಹೇಳಲೇಬೇಕು. ರೀಲ್ಸ್ ತೆಗೆದ್ರೆ ಈಗ ಪೆಪ್ಟೈಡ್ ಅನ್ನೋ ಪದ ಬರ್ತಾನೇ ಇರುತ್ತೆ. ಮಸಲ್ ಬರುತ್ತೆ, ಮುಖ ಹೊಳೆಯುತ್ತೆ, ನೋವು ಹೋಗುತ್ತೆ, ಡಿಎಂ ಮಾಡ್ರಿ ಅಂತ. ನನಗೂ ಒಬ್ಬ ಗೆಳೆಯ ಅಂಥ ಸಣ್ಣ ಬಾಟಲಿ ತೋರಿಸಿದ್ದ. ಲೇಬಲ್ ಮೇಲೆ ಸಣ್ಣಕ್ಷರದಲ್ಲಿ ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಅಂತ ಬರೆದಿತ್ತು. ಓದಿದೀಯಾ ಅಂತ ಕೇಳಿದೆ, ಇಲ್ಲ ಅಂದ.

ಪೆಪ್ಟೈಡ್ ಅಂದ್ರೆ ಒಂದು ವಸ್ತು ಅಲ್ಲ. ಇನ್ಸುಲಿನ್ನೂ ಪೆಪ್ಟೈಡೇ, ಹಾವಿನ ವಿಷದಲ್ಲಿರೋದರಲ್ಲೂ ಪೆಪ್ಟೈಡ್ ಇದೆ. ಮಣಿ ಬದಲಾದ್ರೆ ಆಕಾರ ಬದಲು, ಆಕಾರ ಬದಲಾದ್ರೆ ಯಾರನ್ನ ಹಿಡಿಯುತ್ತೆ ಅನ್ನೋದು ಬದಲು. ನಿಮ್ಮ ಮೈಯೊಳಗೆ ಅದು ಯಾರಿಗೆ ಯಾರನ್ನ ಗಂಟು ಹಾಕುತ್ತೆ ಅಂತ ಆ ರೀಲ್ ಮಾಡಿದವನಿಗೆ ಗೊತ್ತಿರಲ್ಲ. ಡಾಕ್ಟರ್ ಬರೆದುಕೊಡದ ಪೆಪ್ಟೈಡ್ ಚುಚ್ಚಿಕೋಬೇಡ್ರಿ. ಅಷ್ಟೇ.

ಹಂಗಾದ್ರೆ ಎಸ್‌ಐಹೆಚ್-5 ಮೆಡಿಕಲ್ ಶಾಪ್‌ನಲ್ಲಿ ಯಾವಾಗ ಸಿಗುತ್ತೆ? 2022ರ ಪ್ರಬಂಧ ನಿಂತಿರೋದು ಹ್ಯಾಮ್‌ಸ್ಟರ್ ಹತ್ತಿರ. ಅಲ್ಲಿಂದ ಮನುಷ್ಯನವರೆಗೆ ಮೂರು ಮೆಟ್ಟಿಲು. ಮೊದಲು ಕೆಲವೇ ಹತ್ತಾರು ಜನರಲ್ಲಿ ಸುರಕ್ಷಿತವಾ ಅಂತ, ಆಮೇಲೆ ನೂರಾರು ಜನರಲ್ಲಿ, ಕೊನೆಗೆ ಸಾವಿರಾರು ಜನರಲ್ಲಿ ಕೆಲಸ ಮಾಡುತ್ತಾ ಅಂತ. ವರ್ಷಗಳು ಬೇಕು, ಬಹಳ ದುಡ್ಡು ಬೇಕು. ಲ್ಯಾಬಿನ ಜಾಣತನಕ್ಕೂ ಮೆಡಿಕಲ್ ಶಾಪಿಗೂ ನಡುವೆ ಇರೋದು ವಿಜ್ಞಾನ ಒಂದೇ ಅಲ್ಲ, ಬಂಡವಾಳ. ಸಾಂಕ್ರಾಮಿಕ ಇದ್ದಾಗ ದುಡ್ಡು ಹರಿಯುತ್ತೆ, ಹೋದ ಮೇಲೆ ನಿಲ್ಲುತ್ತೆ. ಮುಂದಿನ ವೈರಸ್ ಬರೋವರೆಗೆ ಸುಮ್ಮನಿದ್ರೆ ಆಗ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಈ ತಂಡದ ವಿಜ್ಞಾನಿಗಳೇ ಹೇಳೋ ಪ್ರಕಾರ ಸ್ವಲ್ಪ ಬದಲಾವಣೆ ಮಾಡಿದ್ರೆ ಇದೇ ವಿಧಾನದಿಂದ ಬೇರೆ ಪ್ರೋಟೀನ್ ಹಿಡಿತಗಳನ್ನೂ ತಡೀಬಹುದು. ಅಂದ್ರೆ ಇದು ಕೊರೊನಾ ಕಥೆ ಮಾತ್ರ ಅಲ್ಲ.

ಇನ್ನೊಂದು ಮಾತು. ಆ ಮೂರು ಮೆಟ್ಟಿಲು ಇರೋದು ಎಲ್ಲಿ? ದೊಡ್ಡ ಆಸ್ಪತ್ರೆಗಳಲ್ಲಿ, ಓದಿಸೋದೂ ಚಿಕಿತ್ಸೆನೂ ಸಂಶೋಧನೆನೂ ಒಟ್ಟಿಗೆ ನಡೆಯೋ ಕಡೆ. 2022ರ ಮೇ ತಿಂಗಳಲ್ಲಿ, ಈ ಪ್ರಬಂಧ ಬಂದ ವರ್ಷವೇ, ರಾಯಚೂರಿನಲ್ಲಿ ಏಮ್ಸ್ ಬೇಕು ಅಂತ ಜನ ಧರಣಿ ಕೂತ್ರು. ಆ ಧರಣಿ ಸಾವಿರ ದಿನ ದಾಟಿತು. ಏಮ್ಸ್ ಅಂದ್ರೆ ನಮಗೆ ಕಣ್ಣಿಗೆ ಬರೋದು ಹಾಸಿಗೆ, ಡಾಕ್ಟರ್, ಹೈದರಾಬಾದಿಗೆ ಓಡೋದು ತಪ್ಪುತ್ತೆ ಅನ್ನೋದು. ಅದು ಸರಿ. ಅದರ ಜೊತೆ ಇನ್ನೊಂದಿದೆ: ಹೊಸ ಔಷಧಿ ನಮ್ಮ ಮೈಗೆ, ನಮ್ಮ ಊಟಕ್ಕೆ, ನಮ್ಮ 42 ಡಿಗ್ರಿಗೆ ಒಗ್ಗುತ್ತಾ ಅಂತ ನೋಡೋರು ನಮ್ಮ ನಡುವೆನೇ ಇರಬೇಕು. ಬೆಂಗಳೂರಿನ ಲ್ಯಾಬಿಗೂ ದೇವದುರ್ಗದ ಹಳ್ಳಿಗೂ ನಡುವೆ ಗಂಟು ಹಾಕೋರು ಯಾರೋ ಬೇಕಲ್ರೀ.

ಅಜ್ಜಿಗೆ ಕೊನೆಗೆ ಉತ್ತರ ಹೇಳಿದೆ. ಈ ಔಷಧಿ ಒಳಗ ಒಂದು ಸುರುಳಿ ಅದ, ಬಿಸಿಗೆ ಬಿಚ್ಚಿ ಹೋಗ್ತದ, ಅದಕ್ಕ ತಂಪಿನ್ಯಾಗ ಇಡಬೇಕು ಅಂದೆ. ಬಿಚ್ಚಲಾರದಂಥಾ ಸುರುಳಿನೂ ಬೆಂಗಳೂರಾಗ ಮಾಡ್ಯಾರ ಅಂದೆ. ಆಕೆ ಡಬ್ಬಿಯ ಮುಚ್ಚಳ ಒತ್ತಿ, ಗಡಿಗೆಗೆ ಇಳಿಬಿಟ್ಟು, "ಹಂಗಾರ ಲಗೂನ ಕಳಸ್ರಿ ಅಂತ ಹೇಳು ಅವರಿಗೆ" ಅಂದಳು.

ಹೇಳಿದ್ದೀನಿ ಅಜ್ಜಿ. ಇಲ್ಲಿ ಹೇಳಿದ್ದೀನಿ.

ಸಂಚಿಕೆ ಇಷ್ಟ ಆದ್ರೆ ಒಬ್ಬ ಗೆಳೆಯನಿಗೆ ಕಳಿಸ್ರಿ, ಅದರಲ್ಲೂ ಆ ಸಣ್ಣ ಬಾಟಲಿ ತರಿಸಿಕೊಳ್ಳೋ ಆಲೋಚನೆಯಲ್ಲಿರೋ ಗೆಳೆಯನಿಗೆ. ಪ್ರಶ್ನೆ ಇದ್ರೆ ಕೇಳ್ರಿ, ಗೊತ್ತಿಲ್ಲದಿದ್ರೆ ಓದಿ ಬಂದು ಹೇಳ್ತೀನಿ. ಮತ್ತೆ ಸಿಗೋಣ. ಬಿಸಿಲಲ್ಲಿ ತಿರುಗಬೇಡ್ರಿ, ನೀರು ಕುಡೀರಿ. ಶರಣು.